ಅತ್ತೆ ನೀರು ಮುಟ್ಟದ ದಿನ

ಬೇಸಿಗೆಯಲ್ಲಿ ಕಲಬುರಗಿಯ ಮಂದಿ ಎದುರಾದರೆ "ಆರಾಮ ಇದ್ದೀರೇನು" ಎಂದು ಕೇಳುವುದಿಲ್ಲ, "ನೀರು ಬಂತೇನ್ರಿ" ಎಂದು ಕೇಳುತ್ತಾರೆ. ನಮ್ಮ ಮನೆಯಂತೂ ಊರಂಚಿನಲ್ಲಿ, ಶರಣಸಿರಸಗಿಯ ಹೊಲಗಳೆಲ್ಲ ಸೈಟುಗಳಾಗುತ್ತಿರುವ ಕಡೆ. ನಲ್ಲಿಯ ಪೈಪು ಬಾಗಿಲತನಕ ಬಂದು ನಿಂತಿದೆ, ನೀರು ಮಾತ್ರ ಇನ್ನೂ ದಾರಿಯಲ್ಲೇ ಇದೆ. ಬೋರು ಏಪ್ರಿಲ್‌ನಲ್ಲಿ ಕೆಮ್ಮಲು ಶುರು ಮಾಡಿ ಮೇ ಹೊತ್ತಿಗೆ ಮಾತೇ ನಿಲ್ಲಿಸುತ್ತದೆ. ಆಮೇಲೆ ಟ್ಯಾಂಕರ್‌ನವನೇ ನಮ್ಮ ಭಗೀರಥ. ಅವನು ಫೋನು ಎತ್ತಿದ ದಿನ ನಮಗೆ ಹಬ್ಬ.

ಆ ವರ್ಷ ಮಗಳಿಗೆ ಐದು, ಮಗನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮವರು ನಂದೂರಿನ ದಾಲ್ ಮಿಲ್ಲೊಂದರಲ್ಲಿ ಮಷೀನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ನಾನು ಶಾಲೆಯಲ್ಲಿ ಕಲಿಸುವವಳು, ಬೇಸಿಗೆ ರಜೆಯಲ್ಲಿದ್ದೆ. ರಜೆ ಎಂದರೆ ಶಾಲೆಯಲ್ಲಿ ಸಿಗುವಷ್ಟು ವಿಶ್ರಾಂತಿಯೂ ಸಿಗುವುದಿಲ್ಲ ಎಂದು ಎರಡು ಮಕ್ಕಳ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ನನ್ನ ಒದ್ದಾಟ ನೋಡಲಾರದೆ ಅತ್ತೆ ಕಮಲಾಪುರದಿಂದ ಬಂದು ನಮ್ಮ ಜೊತೆ ಇದ್ದರು. ಮಾವ ಅಲ್ಲಿಯೇ ಬಾಳೆತೋಟ ನೋಡಿಕೊಂಡು, ಸ್ವಂತ ಕೈಯಿಂದ ಸಾರು ಮಾಡಿಕೊಂಡು, ಅದನ್ನು ದಿನಾ ಫೋನಿನಲ್ಲಿ ನಮಗೆ ವರ್ಣಿಸಿಕೊಂಡು ಇದ್ದರು.

ಆ ವಾರ ಒಂದರ ಹಿಂದೊಂದು ಸಣ್ಣ ಅನಾಹುತಗಳು. ಮೊದಲು ಹಾಲ್‌ನ ಫ್ಯಾನು ಕೆಟ್ಟಿತು. ಸ್ವಿಚ್ಚು ಹಾಕಿ, ಕೋಲಿನಿಂದ ಒಮ್ಮೆ ತಳ್ಳಿದರೆ ಮಾತ್ರ ತಿರುಗುತ್ತಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಯಾರಾದರೊಬ್ಬರು ಕೋಲು ಹಿಡಿದು ಏಳಬೇಕು. ಆಮೇಲೆ ಎರಡು ದಿನ ಬೆನ್ನು ಬೆನ್ನಿಗೆ ಹಾಲು ಒಡೆಯಿತು. ಮಗನಿಗೆ ಹಲ್ಲು ಬರುವ ಕಾಲ. ಮೈ ಬೆಚ್ಚಗೆ, ಕೊರಳ ತುಂಬ ಬೆವರುಸಾಲೆ, ರಾತ್ರಿಯಿಡೀ ರಾಗ. ಕೊನೆಗೆ ಟ್ಯಾಂಕರ್‌ನವನು ಫೋನು ಎತ್ತುವುದನ್ನೇ ಬಿಟ್ಟ. ಕೊಳೆಬಟ್ಟೆಯ ಗುಡ್ಡ ನೋಡಿ ಅತ್ತೆ, "ನಡೀರಿ, ಕಮಲಾಪುರಕ್ಕ ಹೋಗಿ ಎಲ್ಲಾರೂ ಮೈ ತೊಳ್ಕೊಂಡು ಬರೂಣು" ಎಂದರು. ನೆಂಟರ ಮನೆಗೆ ಊಟಕ್ಕೆ ಹೋಗುವುದನ್ನು ಕೇಳಿದ್ದೆ, ಸ್ನಾನಕ್ಕೆ ಹೋಗುವುದನ್ನು ಆ ಬೇಸಿಗೆಯಲ್ಲೇ ಕಂಡೆ.

ಹಾಗೆ ಒಂದು ದಿನ ಅಲ್ಲಿದ್ದು, ತೋಟದ ನೀರಿನಲ್ಲಿ ಮನಸೋಕ್ತ ಮುಳುಗೆದ್ದು, ಮರುದಿನ ಸಂಜೆ ಕಾರಿನ ಹಿಂದೆ ನಾಲ್ಕು ಕ್ಯಾನು ನೀರು ತುಂಬಿಕೊಂಡು ಮರಳಿದೆವು. ದಾರಿಯಲ್ಲಿ ಒಂದು ಕ್ಯಾನು ಮಗುಚಿ, ಒಗೆದು ಒಣಗಿಸಿ ತಂದ ಬಟ್ಟೆಯೆಲ್ಲ ಮತ್ತೆ ಒದ್ದೆ. ನಮ್ಮವರು, "ಹೋಗ್ಲಿ ಬಿಡು, ತಣ್ಣಗಾದ್ವು" ಎಂದರು. ಅವರಿಗೆ ಯಾವುದೂ ದೊಡ್ಡದಲ್ಲ. ನನಗೆ ಎಲ್ಲವೂ ದೊಡ್ಡದು. ನಮ್ಮ ಸಂಸಾರ ಈ ತಕ್ಕಡಿಯ ಮೇಲೆ ನಡೆಯುತ್ತಿದೆ.

ಮರುದಿನ ಬೆಳಿಗ್ಗೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. "ಯವ್ವಾ, ಇಲ್ಲಿ ಬಾ" ಎಂದು ಅತ್ತೆ ಕರೆದರು. ದನಿ ಅವರದಾಗಿರಲಿಲ್ಲ. ಹಿಟ್ಟಿನ ಕೈಯಲ್ಲೇ ಓಡಿದೆ.

ಅತ್ತೆ ಸ್ನಾನ ಮುಗಿಸಿ ದೇವರ ಕೋಣೆಯಲ್ಲಿ ಮಣೆಯ ಮೇಲೆ ಕೂತಿದ್ದರು. ಹಣೆಗೆ ವಿಭೂತಿ ಬಿದ್ದಿತ್ತು, ಪಕ್ಕದಲ್ಲಿ ನೀರಿನ ತಂಬಿಗೆ, ಎರಡು ಹೂವು. ಅವರು ಲಿಂಗವಿಟ್ಟು ಕೊರಳಲ್ಲಿ ಹಾಕುವ ಬೆಳ್ಳಿಯ ಗುಂಡಗಡಗಿ ತೊಡೆಯ ಮೇಲೆ ಬಾಯಿ ತೆರೆದು ಬಿದ್ದಿತ್ತು. ಒಳಗೆ ಏನೂ ಇರಲಿಲ್ಲ.

"ಲಿಂಗ ಇಲ್ಲ" ಎಂದರು.

ನಮ್ಮ ಮನೆಗಳಲ್ಲಿ ಕೂಸು ಹುಟ್ಟಿದಾಗಲೇ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಅದು ಆ ಜೀವದ್ದೇ, ಸಾಯುವತನಕ ಮೈಮೇಲಿರಬೇಕು. ಇದು ಮಾತು. ನಡೆಯುವುದು ಬೇರೆ. ನನ್ನದು ಬಟ್ಟೆಯ ಗಂಟಾಗಿ ಅಲ್ಮಾರಿಯ ಒಳಗಿನ ಖಾನೆಯಲ್ಲಿದೆ, ನಮ್ಮವರದು ಕಮಲಾಪುರದ ಮನೆಯ ಗೂಟದಲ್ಲಿ. ಅತ್ತೆಯದು ಮಾತ್ರ ಕೊರಳಲ್ಲಿ. ಸ್ನಾನದ ಹೊತ್ತಿಗೆ ಗುಂಡಗಡಗಿ ತೆಗೆದು ದೇವರ ಕೋಣೆಯ ಮಾಡದಲ್ಲಿಡುತ್ತಾರೆ. ಬಂದು, ಬಿಳಿಬಟ್ಟೆ ಬಿಚ್ಚಿ, ಕರ್ರಗೆ ಹೊಳೆಯುವ ಆ ಲಿಂಗವನ್ನು ಎಡಗೈಯ ಮೇಲಿಟ್ಟುಕೊಂಡು, ನೀರೆರೆದು, ಹೂವಿಟ್ಟು, ಕಣ್ಣಿಗೊತ್ತಿಕೊಂಡು ಮತ್ತೆ ಕೊರಳಿಗೆ ಹಾಕುತ್ತಾರೆ. ಅಲ್ಲಿಯತನಕ ಒಂದು ಗುಟುಕು ನೀರೂ ಇಲ್ಲ. ಮಗಳು ದಿನಾ ಅವರ ಮಗ್ಗುಲಲ್ಲಿ ಕೂತು ನೋಡುತ್ತಾಳೆ, ತಾನೂ ಹಣೆ ತುಂಬ ವಿಭೂತಿ ಬಳಿದುಕೊಳ್ಳುತ್ತಾಳೆ.

ನಮ್ಮವರು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಂದರು. "ಎಲ್ಲಿ ಹೋಗ್ತದವ್ವಾ, ಮನ್ಯಾಗ ಎಲ್ಲೋ ಇರ್ತದ. ಮೊದಲ ಚಾ ಕುಡಿ."

ಚಹಾ ಅಲ್ಲ, ಹೆಂಡ ಕುಡಿ ಅಂದನೇನೋ ಎಂಬಂತೆ ಅತ್ತೆ ಮಗನ ಮುಖ ನೋಡಿದರು. "ಮೈಮ್ಯಾಲ ಲಿಂಗ ಇಲ್ಲದ ನನ್ನ ಗಂಟಲದಾಗ ಏನೂ ಇಳಿಯಂಗಿಲ್ಲ. ಸಿಗಲಿ, ಪೂಜಿ ಆಗಲಿ, ಆಮ್ಯಾಲ ಕುಡೀತೀನಿ."

"ಸಿಗಲಿಲ್ಲಂದ್ರ?"

"ಸಿಗಲಿಲ್ಲಂದ್ರ ಇಲ್ಲ."

ಅಷ್ಟೇ. ಅತ್ತೆ ಜೋರು ದನಿಯವರಲ್ಲ, ಜಗಳ ಗೊತ್ತಿಲ್ಲ. ಆದರೆ ಅವರು ಮೆಲ್ಲಗೆ ಇಲ್ಲ ಎಂದರೆ ಅದನ್ನು ಹೌದು ಮಾಡಿಸಿದವರು ಇನ್ನೂ ಹುಟ್ಟಿಲ್ಲ ಎಂದು ಮಾವನೇ ಹೇಳುತ್ತಾರೆ. ಅವರಿಗೆ ಬಿ.ಪಿ. ಇದೆ, ಸಕ್ಕರೆ ಇದೆ. ಹಿಂದಿನ ಬೇಸಿಗೆಯಲ್ಲಿ ತೋಟದಲ್ಲಿ ತಲೆ ತಿರುಗಿ ಬಿದ್ದು, ಎರಡು ದಿನ ದವಾಖಾನೆಯಲ್ಲಿ ಸಲೈನು ಹಚ್ಚಿಸಿಕೊಂಡು ಬಂದಿದ್ದರು. ಬಾಯಾರುವತನಕ ಕಾಯಬೇಡಿ, ಗಂಟೆಗೊಮ್ಮೆ ನೀರು ಕುಡಿಯಿರಿ ಎಂದು ಡಾಕ್ಟರು ಗದರಿಸಿ ಕಳಿಸಿದ್ದರು. ಈಗ ನೋಡಿದರೆ ಹಿಂದಿನ ರಾತ್ರಿ ಕುಡಿದ ನೀರೇ ಕೊನೆ, ಹೊರಗೆ ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು.

ಹುಡುಕಾಟ ಶುರುವಾಯಿತು. ಮಾಡ, ಮಣೆ, ಬಚ್ಚಲು, ಹಾಸಿಗೆ, ಕಾರಿನ ಸೀಟಿನ ಸಂದು, ಒದ್ದೆಬಟ್ಟೆಯ ಗಂಟು. ನಮ್ಮವರು ಬಚ್ಚಲಿನ ಜಾಳಿಗೆ ಬಿಚ್ಚಿ ಕೈ ಹಾಕಿದರು. ನಾನು ಕಸದ ಬುಟ್ಟಿಯನ್ನು ಹಳೆಯ ಪೇಪರಿನ ಮೇಲೆ ಸುರುವಿದೆ. ನೆಹರು ಗಂಜ್‌ನಿಂದ ವರ್ಷಕ್ಕಾಗುವಷ್ಟು ತಂದಿಟ್ಟ ಜೋಳದ ಚೀಲ ದೇವರ ಕೋಣೆಯ ಬಾಗಿಲಲ್ಲೇ ಇತ್ತು. ಅದರಲ್ಲಿ ಉರುಳಿ ಬಿದ್ದಿದ್ದರೆ? ಇಬ್ಬರೂ ಸೇರಿ ಇಡೀ ಚೀಲ ನೆಲಕ್ಕೆ ಸುರಿದು ಬೊಗಸೆ ಬೊಗಸೆಯಾಗಿ ಸೋಸಿದೆವು. ಜೋಳವೇ ಸಿಕ್ಕಿತು. ವರ್ಷದಿಂದ ಕಾಣದಿದ್ದ ನನ್ನ ಕಿವಿಯೋಲೆಯ ತಿರುಪು ಮಂಚದ ಕೆಳಗೆ ಸಿಕ್ಕಾಗ ನನಗೆ ಖುಷಿಯ ಬದಲು ಸಿಟ್ಟು ಬಂತು. ಬೇಡವಾದದ್ದೆಲ್ಲ ಸಿಗುತ್ತಿತ್ತು. ಮಗ ತೊಟ್ಟಿಲಲ್ಲಿ ಮಲಗಿದ್ದ ಒಳಕೋಣೆಯಲ್ಲಂತೂ ಕಳ್ಳರ ಹಾಗೆ ಕಾಲೆತ್ತಿ ಕಾಲಿಡುತ್ತ ಹುಡುಕಿದೆವು. ಇಡೀ ರಾತ್ರಿ ನಿದ್ದೆಗೆಡಿಸಿದ ಕೂಸು ಬೆಳಗಿನ ಜಾವ ಮಲಗಿತ್ತು, ಅದು ಏಳುವುದು ಯಾರಿಗೂ ಬೇಕಾಗಿರಲಿಲ್ಲ.

ಗದ್ದಲ ಕೇಳಿ ಪಕ್ಕದ ಮನೆಯ ಆಪಾ ಬಂದರು. ಅವರು ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವರು, ಮನೆಯಲ್ಲಿ ಉರ್ದು ಮಾತು, ನಮ್ಮೊಡನೆ ಅರ್ಧ ಕನ್ನಡ ಅರ್ಧ ಅದು. ನೆಲದ ತುಂಬ ಜೋಳ, ನಡುವೆ ನಾನು, ಜೋಳ ತೂರಿ ಆಡುತ್ತಿದ್ದ ಮಗಳು. "ಈ ಬಚ್ಚೀನ ನನ್ ಕಡಿ ಕಳಸ್ರಿ, ನೀವು ಆರಾಮ್‌ಸೇ ಹುಡಕ್ರಿ" ಎಂದು ಅವಳ ಕೈ ಹಿಡಿದರು. ಹೋಗುವ ಮುನ್ನ ನಮ್ಮವರಿಗೆ ಏನೋ ಹೊಳೆದು, "ಏ, ಆಯಿ ಲಿಂಗ ತೊಗೊಂಡು ಆಟ ಆಡೀಯೇನು?" ಎಂದು ಕಣ್ಣು ಬಿಟ್ಟು ಕೇಳಿದರು. ಮಗಳು ಅಜ್ಜಿಯನ್ನು ಆಯಿ ಎನ್ನುತ್ತಾಳೆ. ಆಡಿಲ್ಲ ಎಂದು ತಲೆ ಅಲ್ಲಾಡಿಸಿ ಆಪಾರ ಸೆರಗಿನ ಹಿಂದೆ ಸರಿದಳು.

ಹೊತ್ತೇರಿತು. ಗುಂಡಗಡಗಿಯ ಮುಚ್ಚಳ ಸಡಿಲ, ಹಿಂದಿನ ದಿನ ಕಮಲಾಪುರದಲ್ಲಿ ಪೂಜೆಯಾದ ಮೇಲೆ ಅಲ್ಲೇ ಎಲ್ಲೋ ಬಿದ್ದಿರಬೇಕು ಎಂದು ನಮ್ಮವರು ತೀರ್ಮಾನಿಸಿ, ಮಿಲ್ಲಿಗೆ ಬರುವುದಿಲ್ಲವೆಂದು ಫೋನು ಮಾಡಿ, ಕಾರು ತೆಗೆದರು. ನಾನು ಮಾವನಿಗೆ ಫೋನು ಮಾಡಿದೆ. ಅವರು ಅತ್ತ ತೋಟದ ನೀರಿನ ತೊಟ್ಟಿ, ಒಗೆಯುವ ಕಲ್ಲು, ನಾವು ಮಲಗಿದ್ದ ಪಡಸಾಲೆ ಎಲ್ಲ ಹುಡುಕಿ ಮತ್ತೆ ಫೋನು ಮಾಡಿದರು. ಅಯ್ಯನವರನ್ನೂ ಕೇಳಿದ್ದರಂತೆ. ಅವರು ಪರವೂರಿನ ಮದುವೆಯಲ್ಲಿದ್ದರು. "ನಾಳಿಗಿ ಬಂದು ಹೊಸಾದು ಕಟ್ಟತೀನಂದಾರ. ಅಲ್ಲೀತನ ನೀರು ಕುಡದ್ರ ದೋಷ ಇಲ್ಲಂದಾರ, ಹೇಳಕೀಗಿ" ಎಂದರು ಮಾವ.

ಹೇಳಿದೆ. ಅತ್ತೆ ಗೋಡೆಗೆ ಒರಗಿ ಕೂತಿದ್ದರು. "ಅವರು ಹೇಳ್ತಾರವ್ವ. ಅವರ ಕೊರಳಾಗ ಅದ" ಎಂದರು.

ಅಲ್ಮಾರಿಯಿಂದ ನನ್ನ ಲಿಂಗದ ಗಂಟು ತಂದು ಅವರ ಮುಂದೆ ಹಿಡಿದೆ. "ಇದರ ಪೂಜಿ ಮಾಡಿ ಒಂದೀಟು ಮಜ್ಜಿಗಿ ಕುಡೀರಿ ಅತ್ತಿ. ಇದೂ ಲಿಂಗ ಹೌದಲ್ಲ?"

ಅತ್ತೆ ಅದನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿ ವಾಪಸು ಕೊಟ್ಟರು. "ಒಬ್ಬರದು ಒಬ್ಬರಿಗಿ ಬರಂಗಿಲ್ಲ. ಲಿಂಗ ಅಂದ್ರ ಗಂಡ ಇದ್ದಂಗ. ಇವತ್ತೊಂದಿನ ನಿನ್ನ ಗಂಡನ್ನ ಕಡ ಕೊಡು ಅಂದ್ರ ಕೊಡ್ತೀಯೇನು?"

ನನ್ನ ಗಂಡ ಅವರ ಮಗನೇ, ಕಡ ತಂದವಳು ನಾನು. ಬೇರೆ ದಿನವಾಗಿದ್ದರೆ ಹಾಗೆಂದು ನಕ್ಕುಬಿಡುತ್ತಿದ್ದೆ. ಆಗ ನಗು ಬರಲಿಲ್ಲ. ಅವರ ತುಟಿಯ ಮೇಲೆ ಬಿಳಿ ಪೊರೆ ಕಟ್ಟಿತ್ತು, ಮಾತಿನ ನಡುವೆ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ಮಧ್ಯಾಹ್ನ ಕರೆಂಟು ಹೋಯಿತು. ಮಗ ಎದ್ದು ಅತ್ತ, ಹಾಲು ಕುಡಿದ, ಗಂಜಿ ಉಗುಳಿದ, ಮತ್ತೆ ಅತ್ತ. ಮೈ ಇನ್ನೂ ಬೆಚ್ಚಗಿತ್ತು. ಅವನನ್ನು ಹೆಗಲ ಮೇಲೆ ಹಾಕಿಕೊಂಡು ತಿರುಗುತ್ತ, ಒಂದು ಕೈಯಿಂದ ಅತ್ತೆಯ ತಲೆಗೆ ಒದ್ದೆಬಟ್ಟೆ ಹಾಕಿದೆ. ಬಟ್ಟೆಗೆ ಅವರು ಬೇಡ ಎನ್ನಲಿಲ್ಲ. ಆದರೆ ಅದರಿಂದ ಒಂದು ಹನಿ ಕೆನ್ನೆಗಿಳಿದು ಬಾಯಿಯ ಹತ್ತಿರ ಬಂದಾಗ ಸೆರಗಿನಿಂದ ಒರೆಸಿಕೊಂಡರು. ಅದನ್ನು ಕಂಡು ನನ್ನ ಸಹನೆ ಮುಗಿಯಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಬಿಸಿಲಿಗೆ ಇನ್ನೂ ಮುಂದೆ ಬರುತ್ತದೆ.

"ನಿಮ್ಮ ಲಿಂಗ ಸಾಯಿ ಅಂತ ಹೇಳ್ಯಾದೇನ್ರಿ ಅತ್ತಿ? ನಿಮಗೇನರ ಆದ್ರ ನಾ ಮಾವಗ ಏನು ಹೇಳ್ಲಿ? ಈ ಹುಡುಗರಿಗೆ ಏನು ಹೇಳ್ಲಿ? ಹಿಂಗ ಹಠಾ ಹಿಡಿಯೋದು ಯಾವ ಭಕ್ತಿ?" ಎಂದು ಕೂಗಿದೆ. ಹೆಗಲ ಮೇಲಿನ ಮಗ ಬೆಚ್ಚಿ ಬಿದ್ದು ಒಂದು ಕ್ಷಣ ಅಳು ನಿಲ್ಲಿಸಿದ.

ಅತ್ತೆ ಸಿಟ್ಟಾಗಲಿಲ್ಲ. ಕಣ್ಣು ಮುಚ್ಚಿಕೊಂಡೇ, ತಡೆದು ತಡೆದು ಹೇಳಿದರು. "ಸಾಯಾಕ ಕುಂತಿಲ್ಲವ್ವ ನಾ. ಬುದ್ಧಿ ಬಂದಾಗಿಂದ ದಿನಾ ಮೊದಲ ಅದಕ್ಕ ನೀರು ಹಾಕಿ ಆಮ್ಯಾಲ ನಾ ಕುಡದೀನಿ. ಇವತ್ತ ಅದು ಎಲ್ಲಿ ಬಿದ್ದದೋ. ಬಿಸಲಾಗ ಬಿದ್ದದೋ, ಮೋರ್ಯಾಗ ಬಿದ್ದದೋ. ಅದಕ್ಕ ನೀರು ಹಾಕಾವರು ಯಾರದಾರ? ನಿನ್ನ ಕೂಸು ಎಲ್ಲೋ ಹಸದು ಅಳಾಕತ್ತಿದ್ರ ನೀ ಇಲ್ಲಿ ಕುಂತು ಉಣತಿದ್ದೇನು?"

ನಿಯಮ ಎಂದುಕೊಂಡಿದ್ದರೆ ವಾದ ಮಾಡಬಹುದಿತ್ತು. ಅವರಿಗೆ ಅದು ನಿಯಮವಾಗಿರಲೇ ಇಲ್ಲ, ಕಳೆದುಹೋದ ಮಗುವಾಗಿತ್ತು. ಒಳಕೋಣೆಗೆ ಹೋಗಿ ಮಗನನ್ನು ತೊಟ್ಟಿಲಿಗೆ ಹಾಕಿ ತೂಗುತ್ತ ಅತ್ತುಬಿಟ್ಟೆ. ಅದು ಹೆದರಿಕೆಯ ಅಳು, ಸುಳ್ಳು ಹೇಳಬಾರದು. ಮಗ ಮಾತ್ರ ನನ್ನ ಅಳುವಿಗೆ ಜೋಗುಳ ಕೇಳಿದವನಂತೆ ಕಣ್ಣು ಮುಚ್ಚಿದ.

ಬಿಸಿಲು ಇಳಿಮುಖವಾಗುವ ಹೊತ್ತಿಗೆ ಕಾರಿನ ಸದ್ದಾಯಿತು. ನಮ್ಮವರ ಮುಖ ನೋಡಿದ ಮೇಲೆ ಕೇಳುವುದು ಬೇಕಿರಲಿಲ್ಲ. ತಲೆಯೆಲ್ಲ ಧೂಳು; ಮೋರಿಯ ಕಲ್ಲನ್ನೂ ಎತ್ತಿ ನೋಡಿದ್ದರಂತೆ. ಕೈಯಲ್ಲಿ ಮಾವ ಕೊಟ್ಟ ಕೆಂಬಾಳೆಯ ಚಿಪ್ಪು. ನಮ್ಮ ಕಮಲಾಪುರದ ಕೆಂಪು ಬಾಳೆ ಅತ್ತೆಗೆ ಪ್ರಾಣ. ಅವರು ಅದರ ಕಡೆ ಕಣ್ಣೆತ್ತಲಿಲ್ಲ. ಯಾವುದೂ ದೊಡ್ಡದಲ್ಲ ಎನ್ನುವ ನಮ್ಮವರು ತಾಯಿಯ ಕಾಲ ಬಳಿ ಕುಸಿದು ಕೂತು, "ಅವ್ವಾ, ನಿನ್ನ ಕಾಲು ಬೀಳ್ತೀನಿ, ದವಾಖಾನಿಗರ ನಡಿ" ಎಂದರು. ಅವರ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅತ್ತೆ ಅವರ ತಲೆಯ ಧೂಳು ಒರೆಸಿದರು, ಏಳಲಿಲ್ಲ.

ಅದೇ ಹೊತ್ತಿಗೆ ಆಪಾ ಮಗಳನ್ನು ಕರೆದುಕೊಂಡು ಬಂದರು. ಅತ್ತೆಯನ್ನು ಕಂಡು ಅವರ ಮುಖವೂ ಇಳಿಯಿತು. ಹತ್ತಿರ ಕೂತು, "ಅಮ್ಮಾ, ರೋಜಾ ಉಪಾಸ ನಾವೂ ಹಿಡೀತೀವಿ, ಆದ್ರ ಬೀಮಾರ್ ಇದ್ದವರಿಗಿ ಮಾಫ್ ಅದ. ನಿಮ್ಮ ದೇವರೂ ಮಾಫ್ ಮಾಡ್ತಾನ, ಎರಡು ಗುಟುಕು ಕುಡೀರಿ" ಎಂದರು.

"ನಿಮ್ದು ಸಂಜಿಗಿ ಬಿಡ್ತದವ್ವ" ಎಂದರು ಅತ್ತೆ. ಅಷ್ಟು ಹೇಳಿ ಅಲ್ಲೇ ನೆಲದ ಮೇಲೆ ಒರಗಿದರು.

ಮಗಳು ಬಾಗಿಲಲ್ಲೇ ನಿಂತಿದ್ದಳು. ಹಗಲು ಹೊತ್ತು ಅಜ್ಜಿ ಮಲಗಿದ್ದನ್ನು ಅವಳು ಕಂಡವಳಲ್ಲ. ಒಂದೊಂದೇ ಹೆಜ್ಜೆ ಹತ್ತಿರ ಬಂದು, ಅಜ್ಜಿಯ ಹಣೆಯ ಮೇಲಿನ ಒದ್ದೆಬಟ್ಟೆ ಮುಟ್ಟಿ ನೋಡಿ, "ಮಮ್ಮಿ, ಆಯಿಗೂ ಜ್ವರ ಬಂದಾವೇನು?" ಎಂದಳು.

"ಹೂಂ, ಬಂದಾವ" ಎಂದೆ, ಬೇರೆ ಹೇಳಲು ತ್ರಾಣವಿರಲಿಲ್ಲ.

"ಹಂಗಾರ ತಮ್ಮನ ಕಡಿಂದ ಲಿಂಗಪ್ಪನ್ನ ತೊಗೊಂಡು ಆಯಿಗಿ ಕೊಡು."

"ಯಾರ ಕಡಿಂದ?" ಎಂದರು ನಮ್ಮವರು.

"ತಮ್ಮನ ಕಡಿಂದ. ರಾತ್ರಿ ಅವಗ ಜ್ವರ ಬಂದು ಅಳಾಕತ್ತಿದ್ನಲ್ಲ. ಆಯಿ ಜಳಕಕ್ಕ ಹೋದಾಗ ತೊಗೊಂಡು ತೊಟ್ಟಲದಾಗ ಕೌದಿ ಕೆಳಗ ಇಟ್ಟೀನಿ. ಲಿಂಗಪ್ಪ ಬಾಜೂಕ ಇದ್ರ ಏನೂ ಆಗಂಗಿಲ್ಲಂತ ಆಯೀನ ಹೇಳ್ಯಾಳ." ಇಷ್ಟು ಹೇಳಿ ಎಲ್ಲರ ಮುಖ ನೋಡಿದಳು. ಏನೋ ತಪ್ಪಾಗಿದೆ ಎಂದು ಆಗ ಹೊಳೆದು, ತುಟಿ ನಡುಗತೊಡಗಿತು. ಆಪಾ ಅವಳನ್ನು ಬಾಚಿ ಮಡಿಲಿಗೆಳೆದುಕೊಂಡರು.

ಒಳಕೋಣೆಗೆ ಎಲ್ಲರೂ ಒಟ್ಟಿಗೆ ನುಗ್ಗಿದೆವು. ಸೂರಿನ ಕೊಂಡಿಗೆ ಅತ್ತೆಯ ಹಳೆಯ ಸೀರೆ ಕಟ್ಟಿ ಮಾಡಿದ ತೊಟ್ಟಿಲು. ಒಳಗೆ ಮಡಿಸಿದ ಕೌದಿ, ಕೌದಿಯ ಮೇಲೆ ಬಾಯಿ ತೆರೆದು ಮಲಗಿದ ಮಗ. ನಾನು ಬಗ್ಗಿ ಸೀರೆಯ ಹೊರಗಿನಿಂದ ಮೆಲ್ಲಗೆ ಕೈಯಾಡಿಸಿದೆ. ಅವನ ಬೆನ್ನ ಕೆಳಗೆ, ಕೌದಿಯ ಅಡಿಯಲ್ಲಿ, ಗುಂಡಗೆ ಗಟ್ಟಿಯಾಗಿ ಕೈಗೆ ಹತ್ತಿತು. "ಅದ" ಎಂದೆ. ಅಲ್ಲೇ ಕೂತುಬಿಟ್ಟೆ. ಬೆಳಗಿನಿಂದ ಹಾಲು ಕುಡಿಸಲು ಎಷ್ಟು ಸಲ ಅವನನ್ನು ಎತ್ತಿದ್ದೆನೋ, ಎಷ್ಟು ಸಲ ಮತ್ತೆ ಅದರ ಮೇಲೇ ಮಲಗಿಸಿದ್ದೆನೋ. ಜೋಳದ ಚೀಲ ಸುರಿದವರು ನಾವು, ಕೌದಿ ಕೊಡವಲಿಲ್ಲ.

ನಮ್ಮವರು ಮಗನನ್ನು ಎತ್ತಲು ಕೈ ಚಾಚಿದರು. "ಏ, ಮುಟ್ಟಬ್ಯಾಡ!" ಎಂದು ಹಿಂದಿನಿಂದ ದನಿ ಬಂತು. ಅತ್ತೆ ಗೋಡೆ ಹಿಡಿದು ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು.

"ಅವ್ವಾ, ಸಿಕ್ಕದ. ಇವನ ಕೆಳಗ ಅದ."

"ಕೇಳ್ತು. ರಾತ್ರಿಯೆಲ್ಲ ಒದ್ದಾಡ್ಯಾನ ಕೂಸು, ಈಗ ಕಣ್ಣು ಮುಚ್ಯಾನ. ಸಿಕ್ಕತಲ್ಲ, ಇನ್ನೆಲ್ಲಿ ಹೋಗ್ತದ? ಇಬ್ಬರೂ ತಣ್ಣಗ ಮಲಗ್ಯಾರ, ಮಲಗ್ಲಿ. ಅವನಾಗೇ ಏಳಲಿ."

"ಅವ್ವಾ, ನೀರು..."

"ಇಷ್ಟೊತ್ತು ಇದ್ದೀನಿ, ಇನ್ನೀಟು ಹೊತ್ತಿಗಿ ಏನಾಗ್ತದ" ಎಂದು ತೊಟ್ಟಿಲ ಕೆಳಗೆ ಕೂತು, ಒಡೆದ ತುಟಿಯಲ್ಲೇ ನಗುತ್ತ, ತೂಗತೊಡಗಿದರು. ಅವನು ಏಳದ ಹಾಗೆ ತೂಗುತ್ತಿದ್ದರು! ನಮ್ಮವರು ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ನನಗೆ ಆ ಮುದುಕಿಯ ಮೇಲೆ ಬಂದ ಸಿಟ್ಟು, ಬಂದ ಪ್ರೀತಿ ಎರಡನ್ನೂ ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ಈ ಮಗ ಮಧ್ಯಾಹ್ನ ಒಮ್ಮೆ ಮಲಗಿದರೆ ಸಂಜೆ ದೀಪ ಹಚ್ಚುವತನಕ ಏಳದವನು.

"ಸೊಳ್ಳಿ ಕೂತಂಗ ಅದ" ಎಂದು ತೊಟ್ಟಿಲೊಳಗೆ ಕೈ ಹಾಕಿ, ಅವನ ತೊಡೆ ಹುಡುಕಿ, ಹೆತ್ತ ಕೈಯಿಂದಲೇ ಒಂದು ಸಲ ಚಿವುಟಿದೆ.

ಕೂಸನ್ನು ಚಿವುಟಿ ತೊಟ್ಟಿಲು ತೂಗುವವರ ಬಗ್ಗೆ ನಾನು ಶಾಲೆಯಲ್ಲಿ ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ನಾನೇ ಅವರಲ್ಲೊಬ್ಬಳಾಗುತ್ತೇನೆ ಎಂದು ತಿಳಿದಿರಲಿಲ್ಲ. ಮಗ ಓಣಿಗೆ ಕೇಳುವಂತೆ ಚೀರಿದ. "ಅಯ್ಯ, ಏನಾತು ನನ್ನ ಕೂಸಿಗಿ?" ಎಂದು ಅತ್ತೆ ಗಾಬರಿಯಾದರು. ಆಪಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಮ್ಮವರು ಮಗನನ್ನು ಎತ್ತಿ ಎದೆಗೊತ್ತಿಕೊಂಡರು, ನಾನು ಕೌದಿ ತೆಗೆದೆ. ಬಿಳಿಬಟ್ಟೆಯ ಪುಟ್ಟ ಗಂಟು ಅಲ್ಲಿ ಬೆಚ್ಚಗೆ ಕೂತಿತ್ತು. ಪುಣ್ಯಕ್ಕೆ ಕೌದಿ ಒಣಗಿತ್ತು.

ಅತ್ತೆ ಅವಸರ ಮಾಡಲಿಲ್ಲ. ಕೈಕಾಲು ತೊಳೆದು, ಬೆಳಗಿನ ಮಣೆಯ ಮೇಲೇ ಕೂತರು. ಹೂವು ಬಾಡಿದ್ದವು, ಆಪಾ ತಮ್ಮ ಅಂಗಳದ ದಾಸವಾಳ ತಂದುಕೊಟ್ಟರು. ಅತ್ತೆ ಗಂಟು ಬಿಚ್ಚಿ ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ಆಮೇಲೆ ತಂಬಿಗೆಯ ನೀರನ್ನು, ದಿನಕ್ಕಿಂತ ಹೆಚ್ಚಾಗಿಯೇ, ಮೆಲ್ಲಗೆ ಎರೆದರು. ಮಗಳು ಎಂದಿನಂತೆ ಮಗ್ಗುಲಲ್ಲಿ ಬಂದು ಕೂತಾಗ ನಮ್ಮವರು ಗದರಿಸಲು ಬಾಯಿ ತೆರೆದರು. ಅತ್ತೆ ಕಣ್ಣಿನಲ್ಲೇ ಅವರ ಬಾಯಿ ಮುಚ್ಚಿಸಿ, ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಿದರು. ಗುಂಡಗಡಗಿ ಕೊರಳಿಗೆ ಬಿತ್ತು. ಬಾಗಿಲಲ್ಲಿ ನಾವು ಮೂವರು ದೊಡ್ಡವರು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದೆವು.

ನಾನು ನೀರಿನ ಲೋಟ ಕೊಟ್ಟೆ. ಅತ್ತೆ ಎತ್ತಿ ಕುಡಿದರು. ಗಂಟಲು ಮೇಲೆ ಕೆಳಗೆ ಆಗುವುದನ್ನು ನೋಡುತ್ತ 'ಕುಡಿದರು, ಕುಡಿದರು' ಎಂದು ನನ್ನೊಳಗೇ ಹೇಳಿಕೊಂಡೆ. ಯಾರಾದರೂ ನೀರು ಕುಡಿಯುವುದು ನೋಡಲು ಅಷ್ಟು ಚೆಂದ ಎಂದು ನನಗೆ ಗೊತ್ತಿರಲಿಲ್ಲ. ಇನ್ನೊಂದು ಲೋಟ ತುಂಬಿದೆ, ಅದನ್ನೂ ಕುಡಿದರು. ನಮ್ಮವರು ಕೆಂಬಾಳೆ ಸುಲಿದು ಕೈಗಿಟ್ಟರು. ಆಪಾ "ಶುಕರ್ ಹೈ" ಎಂದು ಕಣ್ಣೊರೆಸಿಕೊಂಡರು.

ಅಳು ನಿಲ್ಲಿಸಿದ ಮಗ ಅತ್ತೆಯ ಮಡಿಲಿಗೆ ಬಂದಿದ್ದ. ಅವರು ಅವನ ಅಂಗಿ ಸರಿಸಿ, ತೊಡೆಯ ಮೇಲಿನ ಕೆಂಪು ಕಲೆಯನ್ನು ಬೆರಳಿನಿಂದ ಮೆಲ್ಲಗೆ ಸವರಿದರು. ನಾನು ಮುಖ ಆಚೆ ತಿರುಗಿಸಿದೆ.

"ಯವ್ವಾ," ಎಂದರು ಅತ್ತೆ, ಲೋಟವನ್ನು ಮತ್ತೆ ನನ್ನ ಕಡೆ ಚಾಚುತ್ತ, "ಆ ಸೊಳ್ಳಿಗಿ ಹೇಳು, ನನ್ನ ಮ್ಯಾಲಿನ ಪ್ರೀತಿಗಿ ನನ್ನ ಮೊಮ್ಮಗನ್ನ ಇಷ್ಟು ಜೋರ ಕಡೀಬಾರದು."

ಕಣ್ಣಲ್ಲಿ ನೀರು ತುಂಬಿ ಲೋಟದ ಕಂಠ ಕಾಣಿಸಲಿಲ್ಲ. ತಂಬಿಗೆ ಬಗ್ಗಿಸಿದೆ, ಅರ್ಧ ನೀರು ಬೆಳಗಿನಿಂದ ನೆಲದಲ್ಲೇ ಬಿದ್ದಿದ್ದ ಜೋಳದ ಮೇಲೆ ಚೆಲ್ಲಿತು. ಆ ಬೇಸಿಗೆಯಲ್ಲಿ ನೀರು ಚೆಲ್ಲಿದ್ದಕ್ಕೆ ನಮ್ಮ ಮನೆಯಲ್ಲಿ ಯಾರೂ ಬಯ್ಯದಿದ್ದದ್ದು ಅದೊಂದೇ ಸಲ.